ಕಲ್ಪರಸದ ಬ್ರಿಕ್ಸ್ ಮತ್ತು ಕೈಗೆ ಸಿಗುವ ಸಕ್ಕರೆ

ಹತ್ತು ಲೀಟರ್ ಕಲ್ಪರಸ (ತೆಂಗಿನ ಹೊಂಬಾಳೆಯಿಂದ ಇಳಿಸಿದ, ಹುಳಿ ಬರದ ರಸ), ರಿಫ್ರಾಕ್ಟೋಮೀಟರಿನಲ್ಲಿ (ಬೆಳಕು ಎಷ್ಟು ಬಾಗುತ್ತದೆ ಎಂಬುದರಿಂದ ಸಿಹಿ ಅಳೆಯುವ ಉಪಕರಣ) 15 ಬ್ರಿಕ್ಸ್. ಹಾಗಾದರೆ ಸಕ್ಕರೆ ಒಂದೂವರೆ ಕಿಲೋ ಎನ್ನುವವರೇ ಹೆಚ್ಚು. ಬ್ರಿಕ್ಸ್ ಲೀಟರಿನ ಲೆಕ್ಕವಲ್ಲ, ತೂಕದ್ದು: ನೂರು ಗ್ರಾಂ ರಸದಲ್ಲಿ ಕರಗಿರುವುದು ಎಷ್ಟು ಗ್ರಾಂ ಎಂದು. 15 ಬ್ರಿಕ್ಸ್ ರಸದ ಸಾಂದ್ರತೆ (ನೀರು 1 ಎಂದಿಟ್ಟರೆ) 1.061, ಹತ್ತು ಲೀಟರ್ ತೂಗುವುದು 10.6 ಕಿಲೋ, ಅದರಲ್ಲಿ ಕರಗಿರುವುದು 1.59 ಕಿಲೋ. ಅದರಲ್ಲೂ ಒಂದಿಷ್ಟು ಲವಣ, ಅಮೈನೋ ಆಮ್ಲ. ಬಾಣಲೆಗೆ ಅಂಟುವುದು ಬೇರೆ.

ಸಾಂದ್ರತೆಗೆ ಬದಲಿಸಲು ಬ್ರಿಕ್ಸನ್ನು ನಾಲ್ಕರಿಂದ ಗುಣಿಸಿ: 12 ಎಂದರೆ 48, ಅಂದರೆ 1.048. 20 ಮುಟ್ಟಿದರೆ ಈ ಸೂತ್ರ ಕಮ್ಮಿ ತೋರಿಸುತ್ತದೆ. 20 ಬ್ರಿಕ್ಸಿಗೆ ನಿಜವಾದದ್ದು 1.083.

ರಿಫ್ರಾಕ್ಟೋಮೀಟರಿನ ಶೂನ್ಯ ಹೊಂದಿಸಲು ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಸಾಕು. ಐಸ್ ಪೆಟ್ಟಿಗೆಯಿಂದ ತೆಗೆದ ರಸದ ಹನಿ ಹಾಕಿ ಅರ್ಧ ನಿಮಿಷ ಕಾದು ನೋಡಿ. ತಾಪಮಾನ ಸರಿಪಡಿಸಿಕೊಳ್ಳದ ಉಪಕರಣವಾದರೆ ನಮ್ಮ 30 ಡಿಗ್ರಿ ಸೆಖೆಯಲ್ಲಿ ಮುಕ್ಕಾಲು ಬ್ರಿಕ್ಸಿನಷ್ಟು ಕಡಿಮೆ ತೋರಿಸುತ್ತದೆ, ಅಷ್ಟನ್ನು ಕೂಡಿಸಬೇಕು.

ನಿಜವಾದ ಮೋಸ ಹುಳಿ ಬಂದ ರಸದಲ್ಲಿದೆ. ಸಕ್ಕರೆ ಆಲ್ಕೋಹಾಲ್ ಆಗುತ್ತಿದ್ದಂತೆ ಸಾಂದ್ರತೆ ಇಳಿಯುತ್ತದೆ, ಆದರೆ ಆಲ್ಕೋಹಾಲೂ ಬೆಳಕನ್ನು ನೀರಿಗಿಂತ ಹೆಚ್ಚು ಬಾಗಿಸುವುದರಿಂದ ರಿಫ್ರಾಕ್ಟೋಮೀಟರ್ ಅಷ್ಟು ಇಳಿಯುವುದಿಲ್ಲ. ಬಿಯರ್ ಮಾಡುವವರಿಗೆ ಇದು ಗೊತ್ತಿರುವ ಸಂಗತಿ: 15ರಲ್ಲಿ ಶುರುವಾದದ್ದು ರಿಫ್ರಾಕ್ಟೋಮೀಟರ್ 10 ಎಂದು ತೋರಿಸುವಾಗ ಹೈಡ್ರೋಮೀಟರಿನಲ್ಲಿ (ರಸದಲ್ಲಿ ತೇಲಿಬಿಟ್ಟು ಸಾಂದ್ರತೆ ಅಳೆಯುವ ಕೊಳವೆ) ಸುಮಾರು 1.024, ಅಂದರೆ ಅದರ ಲೆಕ್ಕದಲ್ಲಿ ಆರೇ ಬ್ರಿಕ್ಸ್. ಹತ್ತು ಇದೆಯೆಂದು ಕುದಿಸಲು ಇಟ್ಟರೆ ಸೌದೆ ಹೋಗುತ್ತದೆ, ಸಕ್ಕರೆ ಬರುವುದಿಲ್ಲ. ಹುಳಿಯಲ್ಲಿ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಿರುವುದರಿಂದ ಪಾಕ ಎಷ್ಟು ಕಾಯಿಸಿದರೂ ಹರಳುಗಟ್ಟದೆ ಜೋನಿಯಾಗಿಯೇ ಉಳಿಯುತ್ತದೆ.

ಹಾಗಾಗಿ ಮೊದಲು ಹುಳಿ ಎಷ್ಟೆಂದು ತೋರಿಸುವ ಪಿಎಚ್ ಪಟ್ಟಿ ಅದ್ದಿ ನೋಡಿ. 7ಕ್ಕಿಂತ ಮೇಲಿದ್ದರೆ ಬ್ರಿಕ್ಸ್ ನಂಬಬಹುದು. 6ಕ್ಕೆ ಇಳಿದಿದ್ದರೆ ಹೈಡ್ರೋಮೀಟರನ್ನೂ ಇಳಿಬಿಡಿ. ಅದಕ್ಕೂ ಮೊದಲು ರಸವನ್ನು ಎರಡು ಲೋಟಗಳ ನಡುವೆ ನಾಲ್ಕಾರು ಸಲ ಸುರಿದು ಗಾಳಿ ಬಿಡಿಸಿ, ಇಲ್ಲವಾದರೆ ಗುಳ್ಳೆಗಳು ಅಂಟಿಕೊಂಡು ಉಪಕರಣವನ್ನು ಮೇಲೆತ್ತುತ್ತವೆ. 20 ಡಿಗ್ರಿಗೆ ಹೊಂದಿಸಿದ ಹೈಡ್ರೋಮೀಟರ್ 30ರಲ್ಲಿ 0.0025ರಷ್ಟು ಕಡಿಮೆ ತೋರಿಸುವುದನ್ನೂ ಸೇರಿಸಿಕೊಳ್ಳಿ.

ಪಾಕ 32 ಬ್ರಿಕ್ಸ್ ದಾಟಿದ ಮೇಲೆ ಸಾಮಾನ್ಯ ರಿಫ್ರಾಕ್ಟೋಮೀಟರಿಗೆ ಸಿಗುವುದಿಲ್ಲ. 10 ಗ್ರಾಂ ಪಾಕಕ್ಕೆ 30 ಗ್ರಾಂ ನೀರು, ತಕ್ಕಡಿಯಲ್ಲಿ ತೂಗಿಯೇ ಬೆರೆಸಿ. ಬಂದ ಅಂಕಿಯನ್ನು ನಾಲ್ಕರಿಂದ ಗುಣಿಸಿ. ಚಮಚದಲ್ಲಿ ಅಳೆದರೆ ದಪ್ಪ ಪಾಕ ಚಮಚಕ್ಕೇ ಅಂಟಿಕೊಂಡು ಲೆಕ್ಕ ಕೆಡುತ್ತದೆ.