ಕುದುರೆಮುಖಕ್ಕೆ ಹೋಗುವವರು ಜೀಪಿನ ಮಾತು ಮೊದಲೇ ಮುಗಿಸಿಕೊಳ್ಳಿ

ಕುದುರೆಮುಖ ಹತ್ತಬೇಕು ಅಂತಿದ್ದವರು ಬ್ಯಾಗು ಕಟ್ಟುವ ಮೊದಲು ಜೀಪಿನ ಲೆಕ್ಕ ಕೇಳಿ. ಕಳಸದ ಹತ್ತಿರದ ಸಂಸೆ ಕಡೆಯ ಮುಖ್ಯ ರಸ್ತೆಯಿಂದ ಒಳಗೆ ಮುಳ್ಳೋಡಿ ಅನ್ನುವ ಹಳ್ಳಿಗೆ ಸುಮಾರು 6 ಕಿ.ಮೀ. ಕಲ್ಲುದಾರಿ ಇದೆ. ಚಾರಣ ಶುರುವಾಗುವುದು ಅಲ್ಲಿಂದ. ಆ ದಾರಿಯಲ್ಲಿ ಕಾರು ಹೋಗುವುದಿಲ್ಲ, ಹೋದರೂ ಅಡಿಭಾಗ ಉಳಿಯುವುದಿಲ್ಲ. ನಾವು ಉಳಿದ ಹೋಂಸ್ಟೇಯವರು ಫೋನಿನಲ್ಲಿ "ಎಲ್ಲಾ ಸೇರಿ ಪ್ಯಾಕೇಜು, ನೀವು ಬಂದ್ರೆ ಸಾಕು" ಅಂದಿದ್ದರು. ಬಂದ ಮೇಲೆ ಜೀಪು ಬೇರೆ, ಗೈಡ್ ಬೇರೆ, ಬಿಸಿನೀರಿನ ಬಕೆಟ್ಟೂ ಬೇರೆ. ಜೀಪಿಗೆ ಒಟ್ಟು ಬಾಡಿಗೆ ಅಲ್ಲ, ತಲೆ ಲೆಕ್ಕ. ನಮ್ಮ ಜೊತೆ ಇನ್ನೊಂದು ತಂಡವನ್ನು ಅದೇ ಜೀಪಿಗೆ ತುಂಬಿದರು, ಆದರೂ ತಲೆಗೆ ಒಂದು ಪೈಸೆ ಕಮ್ಮಿ ಆಗಲಿಲ್ಲ. ಕೇಳಿದರೆ "ಇಲ್ಲಿ ಎಲ್ಲರದೂ ಹಿಂಗೇ ಸಾರ್" ಅನ್ನುವ ಉತ್ತರ. ಎಲ್ಲರದೂ ಹಾಗಿಲ್ಲ. ಪಕ್ಕದ ಮನೆಯಲ್ಲಿ ಉಳಿದವರು ಒಂದು ಜೀಪಿಗೆ ಇಷ್ಟು ಅಂತ ಮಾತಾಡಿಕೊಂಡು ಬಂದಿದ್ದರು, ಅವರಿಗೆ ಅರ್ಧಕ್ಕಿಂತ ಕಮ್ಮಿ ಬಿತ್ತು.

ಹಾಗಾಗಿ ಮುಂಗಡ ಕಳಿಸುವ ಮುಂಚೆ ಜೀಪು, ಗೈಡ್, ಊಟ, ರೂಮು ಒಂದೊಂದಕ್ಕೂ ಎಷ್ಟು ಅಂತ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ರೂಮಿನ ಫೋಟೋ ಕೂಡ ತರಿಸಿಕೊಳ್ಳಿ. ನಮಗೆ ಸಿಕ್ಕಿದ್ದು ರೂಮಲ್ಲ, ತಗಡು ಹೊದಿಸಿದ ಒಂದು ಹಾಲ್. ಗೋಡೆಯಿಂದ ಗೋಡೆಗೆ ಹಾಸಿಗೆ, ಹಾಸಿಗೆಯಲ್ಲಿ ಹಿಂದಿನ ಮಳೆಯ ಮುಗ್ಗುಲು ವಾಸನೆ. ಶನಿವಾರ ರಾತ್ರಿ ಅಂಗಳದಲ್ಲಿ ಸ್ಪೀಕರು ಹಚ್ಚಿ ಹನ್ನೆರಡರವರೆಗೆ ಕುಣಿದರು. ಕಾಡು ನೋಡಲು ಇಷ್ಟು ದೂರ ಬಂದು ಸ್ಪೀಕರು ಯಾಕೆ ಬೇಕು ಅನ್ನುವುದು ನನಗೆ ಅರ್ಥವಾಗುವುದಿಲ್ಲ. ನಿಮಗೂ ಗಲಾಟೆ ಹಿಡಿಸದಿದ್ದರೆ ಶನಿವಾರ, ಭಾನುವಾರ ಬಿಟ್ಟು ಹೋಗಿ. ದಿನಕ್ಕೆ ಇಷ್ಟೇ ಜನ ಅಂತ ಅರಣ್ಯ ಇಲಾಖೆ ಮಿತಿ ಇಟ್ಟಿದೆ, ಟಿಕೆಟ್ಟು ಆನ್‌ಲೈನಿನಲ್ಲೇ ಮಾಡಬೇಕು. ಆದರೂ ವಾರಾಂತ್ಯದಲ್ಲಿ ಆ ಮಿತಿ ಪೂರ್ತಿ ತುಂಬಿರುತ್ತದೆ, ಕಾಲುದಾರಿಯಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲು.

ಹತ್ತುವುದು ಕಷ್ಟ ಅಂತ ಹೆದರಬೇಡಿ. ಶಿಖರ 1,894 ಮೀಟರ್, ಹೋಗಿ ಬರಲು 20 ಕಿ.ಮೀ. ಆಸುಪಾಸು. ಕಡಿದಾದ ಏರು ಇರುವುದು ಕೊನೆಯಲ್ಲಿ. ದಾರಿಯಲ್ಲಿ ಸಿಗುವ ಒಂಟಿಮರ ಅನ್ನುವ ಜಾಗ ದಾಟಿದ ಮೇಲೆ ಹುಲ್ಲುಗುಡ್ಡ ತೆರೆದುಕೊಳ್ಳುತ್ತದೆ. ನಮ್ಮ ಆಗುಂಬೆ ಕಡೆಯ ಕತ್ತಲೆ ಕಾಡು ನೋಡಿ ಬೆಳೆದವರಿಗೆ "ಇಲ್ಲಿ ಕಾಡೆಲ್ಲ ಕಡಿದು ಹಾಕಿದ್ದಾರಾ" ಅನ್ನಿಸಬಹುದು. ಇಲ್ಲ, ಅದು ಇರುವುದೇ ಹಾಗೆ. ಗಾಳಿ ಹೊಡೆಯುವ ಗುಡ್ಡದ ಮೈಯೆಲ್ಲ ಹುಲ್ಲು, ಎರಡು ಗುಡ್ಡ ಸೇರುವ ಮಡಿಕೆಯಲ್ಲಿ ಮಾತ್ರ ದಟ್ಟ ಮರ. ಇದನ್ನೇ ಶೋಲಾ ಕಾಡು ಅನ್ನುತ್ತಾರೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯವರೆಗೆ ಸ್ವಲ್ಪಸ್ವಲ್ಪ ಬಿಡುವುದು ಈ ಹುಲ್ಲು ಮತ್ತು ಶೋಲಾ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇದೇ ಬೆಟ್ಟಸಾಲಿನಲ್ಲಿದೆ. ಶಿವಮೊಗ್ಗದಲ್ಲಿ ನಲ್ಲಿ ತಿರುಗಿಸಿದರೆ ಬರುವುದು ಈ ಕಡೆಯ ನೀರೇ, ತುಂಗೆ ಭದ್ರೆ ಸೇರುವ ಕೂಡ್ಲಿಯಲ್ಲಿ ನಾವು ಕೈಮುಗಿಯುವುದೂ ಈ ನೀರಿಗೇ. ಅದಕ್ಕೇ ಹಳ್ಳದಲ್ಲಿ ಚಿಪ್ಸ್ ಕವರು ತೇಲುವುದು ಕಂಡಾಗ ಹೊಟ್ಟೆ ಉರಿಯಿತು. ಇಲ್ಲಿ ಕಬ್ಬಿಣದ ಅದಿರಿನ ಗಣಿ ನಿಲ್ಲಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, 2005ರ ಕೊನೆಗೆ ಗಣಿ ನಿಂತಿತು. ಅಷ್ಟು ಹೋರಾಡಿ ಉಳಿಸಿದ ಜಾಗ. ನಿಮ್ಮ ಕಸ ನಿಮ್ಮ ಬ್ಯಾಗಿನಲ್ಲೇ ಕೆಳಗೆ ಬರಲಿ.

ಮಳೆಗಾಲದಲ್ಲಿ ಹೋದರೆ ಇಂಬಳ, ಅಂದರೆ ಕಾಡಿನ ಜಿಗಣೆ, ಇದ್ದೇ ಇರುತ್ತದೆ. ಎಲೆಯ ಅಂಚಿನಲ್ಲಿ ದಾರದ ಎಳೆಯಷ್ಟು ತೆಳ್ಳಗೆ ಎದ್ದು ನಿಂತು ತಲೆ ಆಡಿಸುತ್ತಿರುತ್ತದೆ, ನೀವು ಹತ್ತಿರ ಬಂದಷ್ಟೂ ನಿಮ್ಮ ಕಡೆಗೇ ಬಾಗುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಕುಡಿದು ದಪ್ಪಗಾಗಿ ತಾನೇ ಉದುರಿದ ಮೇಲೆ ಸಾಕ್ಸ್ ಕೆಂಪಾಗಿರುವುದು ಕಾಣುತ್ತದೆ. ರಕ್ತ ಹೆಪ್ಪುಗಟ್ಟದ ಹಾಗೆ ಅದರ ಜೊಲ್ಲಿನಲ್ಲೇ ಔಷಧಿ ಇರುವುದರಿಂದ ಗಾಯ ಸ್ವಲ್ಪ ಹೊತ್ತು ಸೋರುತ್ತದೆ, ಗಾಬರಿ ಬೇಡ. ಕಿತ್ತು ಎಳೆಯಬೇಡಿ, ಬೆಂಕಿ ಕಡ್ಡಿ ಹಿಡಿಯಬೇಡಿ. ಚರ್ಮಕ್ಕೆ ಅಂಟಿಕೊಂಡ ಕಡೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಮೊಣಕಾಲಿನವರೆಗಿನ ಒತ್ತು ನೇಯ್ಗೆಯ ಸಾಕ್ಸ್ ಸಿಗುತ್ತದೆ, ಅದೊಂದಕ್ಕೆ ದುಡ್ಡು ಹಾಕಿ. ಊರಿನವರು ಹೊಗೆಸೊಪ್ಪು, ಸುಣ್ಣ ಹಚ್ಚಿಕೊಳ್ಳುತ್ತಾರೆ. ಅದು ಕೆಲಸ ಮಾಡುತ್ತದೆ, ಆದರೆ ಮಳೆಗೆ ತೊಳೆದುಹೋದರೆ ಮತ್ತೆ ಹಚ್ಚಬೇಕು. ಬೇಸಿಗೆಯಲ್ಲಿ ಇಂಬಳ ಇರುವುದಿಲ್ಲ ನಿಜ, ಆದರೆ ಕಾಡ್ಗಿಚ್ಚಿನ ಭಯಕ್ಕೆ ಚಾರಣವನ್ನೇ ಮುಚ್ಚುವುದುಂಟು. ಮಳೆ ಕಮ್ಮಿಯಾದ ಮೇಲೆ, ಹುಲ್ಲು ಇನ್ನೂ ಹಸಿರಿರುವಾಗ ಹೋಗುವುದು ಒಳ್ಳೆಯದು.

ಪ್ರಾಣಿ ನೋಡಬೇಕು ಅನ್ನುವವರಿಗೆ ನಿಜ ಹೇಳುತ್ತೇನೆ. ಶಿಖರದ ದಾರಿಯಲ್ಲಿ ಅಷ್ಟು ಜನರ ಮಧ್ಯೆ ಏನೂ ಕಾಣುವುದಿಲ್ಲ. ನಮಗೆ ಕಂಡಿದ್ದು ಎದುರು ಗುಡ್ಡದಲ್ಲಿ ಕಾಟಿ (ಕಾಡುಕೋಣ), ಅದೂ ದುರ್ಬೀನಿನಲ್ಲಿ ಕಪ್ಪು ಚುಕ್ಕೆ. ಅದೇ, ಕಳಸದಿಂದ ಕಾರ್ಕಳಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ, ಬರೀ ಬಸ್ ಚಾರ್ಜಿನಲ್ಲಿ, ಸಿಂಗಳೀಕ ಸಿಕ್ಕಿತು! ರಸ್ತೆ ತುಂಬಾ ದೂರ ರಾಷ್ಟ್ರೀಯ ಉದ್ಯಾನದ ಕಾಡಿನ ಒಳಗೇ ಹೋಗುತ್ತದೆ. ಘಟ್ಟದ ಒಂದು ತಿರುವಿನಲ್ಲಿ ಡ್ರೈವರು ಸುಮ್ನೆ ಬಸ್ಸು ನಿಧಾನ ಮಾಡಿದರು. ಮೇಲೆ ಕೊಂಬೆಯಲ್ಲಿ ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೂದಲು, ಬಾಲದ ತುದಿಯಲ್ಲಿ ಗೊಂಡೆ. ಒಂದು ತಾಯಿ ಮರಿಯನ್ನು ಹೊಟ್ಟೆಗೆ ಅಂಟಿಸಿಕೊಂಡು ರಸ್ತೆಯ ಈ ಬದಿಯ ಕೊಂಬೆಯಿಂದ ಆ ಬದಿಗೆ ಹಾರಿತು. ಈ ಮಂಗ ಪಶ್ಚಿಮಘಟ್ಟ ಬಿಟ್ಟರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. ಇದು ಬದುಕುವುದು ಮರದ ಮೇಲೆ, ನೆಲಕ್ಕೆ ಇಳಿಯುವುದು ಕಮ್ಮಿ. ಬಿಸ್ಕತ್ತು ಎಸೆದು ಅಭ್ಯಾಸ ಮಾಡಿಸಿದರೆ ರಸ್ತೆಗೆ ಇಳಿದು ವಾಹನಕ್ಕೆ ಸಿಕ್ಕಿ ಸಾಯುತ್ತವೆ. ದಯವಿಟ್ಟು ಏನೂ ಕೊಡಬೇಡಿ. ಸ್ವಂತ ಗಾಡಿಯವರಿಗೆ ಈ ರಸ್ತೆಯಲ್ಲಿ ಕಂಡಕಂಡಲ್ಲಿ ನಿಲ್ಲಿಸುವ ಹಾಗಿಲ್ಲ, ಬಸ್ಸಿನ ಕಿಟಕಿ ಸೀಟೇ ವಾಸಿ.

ಇನ್ನು ಊಟ. ಕಳಸದಲ್ಲಿ ದೇವಸ್ಥಾನದ ಕಡೆ ಹೋಗುವಾಗ ಒಂದು ಸಣ್ಣ ಹೋಟೆಲು, ನಾಲ್ಕೇ ಬೆಂಚು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಬೆಳಿಗ್ಗೆ ಕಡುಬು, ನೀರುದೋಸೆ, ಕಾಯಿಚಟ್ನಿ. ಚಟ್ನಿಗೆ ಹಸಿಮೆಣಸು ಅಲ್ಲ, ಸೂಜಿಮೆಣಸು ಹಾಕುತ್ತಾರೆ, ಖಾರ ನಿಧಾನಕ್ಕೆ ಏರುತ್ತದೆ. ನೀರುದೋಸೆ ಕಾವಲಿಯಿಂದ ನೇರ ಎಲೆಗೆ, ಅಂಚು ಒಣಗುವ ಮುಂಚೆ ಮಡಚಿ ಹಾಕುತ್ತಾರೆ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಒಂದೆಲಗದ ತಂಬುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ತಂಬುಳಿ ಲೋಟದಲ್ಲೇ ಕೊಟ್ಟರು, ನಾನು ಎರಡನೇ ಸಲ ಕೇಳಿದೆ, ಅವರು ಮೂರನೇ ಸಲ ಕೇಳದೆ ಹಾಕಿದರು. ಇಡೀ ಊಟಕ್ಕೆ ಕೊಟ್ಟ ದುಡ್ಡು ಹೋಂಸ್ಟೇಯವರ ಬಿಸಿನೀರಿನ ಬಕೆಟ್ಟಿಗಿಂತ ಕಮ್ಮಿ. ಹತ್ತುವ ದಿನಕ್ಕೆ ಬುತ್ತಿ ಬೇಕು ಅಂದರೆ ಹಿಂದಿನ ಸಂಜೆ ಹೇಳಿಟ್ಟರೆ ಚಿತ್ರಾನ್ನ ಕಟ್ಟಿಕೊಡುತ್ತಾರೆ, ಬಾಳೆಲೆಯಲ್ಲಿ.

ಮುಂದಿನ ಸಲ ನಾನು ಉಳಿಯುವುದು ಕಳಸದ ಲಾಡ್ಜಿನಲ್ಲೇ. ಬೆಳಿಗ್ಗೆ ಬೇಗ ಎದ್ದು ಮುಳ್ಳೋಡಿಗೆ ಹೋದರೆ ಆಯಿತು. ಇಳಿಯುವಾಗ ಕಾಲು ಚೆನ್ನಾಗಿದ್ದರೆ ಜೀಪು ಬಿಟ್ಟು ಆ 6 ಕಿ.ಮೀ. ನಡೆಯಿರಿ. ಹಳ್ಳದ ಪಕ್ಕ ಸಿಳ್ಳಾರ ಹಕ್ಕಿ ಕೂಗುತ್ತಿರುತ್ತದೆ, ಜೀಪಿನ ಸದ್ದಿನಲ್ಲಿ ಅದು ಕೇಳುವುದಿಲ್ಲ. ಅವತ್ತೇ ಕೊಪ್ಪ, ತೀರ್ಥಹಳ್ಳಿ ಮೇಲೆ ಶಿವಮೊಗ್ಗಕ್ಕೆ ವಾಪಸ್ ಹೊರಡುತ್ತೇನೆ ಅಂತ ಮಾತ್ರ ಲೆಕ್ಕ ಹಾಕಬೇಡಿ. ಸಂಜೆ ಮೇಲೆ ಆ ಕಡೆಗೆ ಬಸ್ಸು ಕಮ್ಮಿ, ಸಿಕ್ಕಿದರೂ ಆ ಕಾಲಿನಲ್ಲಿ ನಿಂತುಕೊಂಡು ಬರಬೇಕು.