ಕೋಳಿ ಬಲೆಯ ತುದಿ ಎಣಿಸಲು ಕಲಿತದ್ದು

ಹಾಸನದಲ್ಲಿ ಮನೆಯ ಹಿಂಬದಿಯ ಕೋಣೆಯಲ್ಲೇ ನನ್ನ ಕೆಲಸ. ಹಳೆಯ ಮನೆ ಕೆಡವಿದಾಗ ಸಿಗುವ ಕಿಟಕಿ ಚೌಕಟ್ಟು, ಬಾಗಿಲ ಹಲಗೆ, ಜೊತೆಗೆ ಕೋಳಿಗೂಡಿಗೆ ಹಾಕುವ ತಂತಿಯ ಕೋಳಿ ಬಲೆ ಸೇರಿಸಿ ತೂಗುದೀಪದ ಗೂಡು, ಫೋಟೊ ಸಿಕ್ಕಿಸುವ ಚೌಕಟ್ಟು, ಈರುಳ್ಳಿ ಬುಟ್ಟಿ ಮಾಡಿ ಮಾರುತ್ತೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಕನ್ ಮೆಶ್ ಎಂದು ಕೇಳಿದರೆ ಸುರುಳಿ ತೆಗೆದು ಅಳೆದು ಕೊಡುತ್ತಾರೆ. ಕಾಂಕ್ರೀಟ್ ಕಂಬ ಇಟ್ಟಿಗೆ ಗೋಡೆಗೆ ಸೇರುವ ಕಡೆ ಬಿರುಕು ಬಿಡದಿರಲೆಂದು ಗಾರೆಯವರು ಪ್ಲಾಸ್ಟರಿನ ಒಳಗೆ ಬಡಿಯುವುದೂ ಇದನ್ನೇ. ಅಗ್ಗದ ವಸ್ತು, ಕೈಯಲ್ಲೇ ಬಾಗುತ್ತದೆ. ಆರು ಮೂಲೆಯ ಕಣ್ಣುಗಳು ಹಿಗ್ಗಿ ಕುಗ್ಗುವುದರಿಂದ ಅಂಗೈಯಿಂದ ಒತ್ತಿದರೆ ಬಟ್ಟಲಿನ ಆಕಾರವೂ ಬರುತ್ತದೆ. ಚೌಕ ಕಣ್ಣಿನ ಬೆಸುಗೆ ಜಾಲರಿಯಲ್ಲಿ ಇದು ಸಾಧ್ಯವಿಲ್ಲ.

ಈ ಕೆಲಸಕ್ಕೆ ಇಳಿದ ಮೊದಲ ವರ್ಷವೇ ಸಕಲೇಶಪುರದ ಹೋಂಸ್ಟೇ ಒಂದರಿಂದ 24 ದೀಪದ ಗೂಡುಗಳಿಗೆ ಬೇಡಿಕೆ ಬಂತು. ಒಂದು ಅಡಿ ಎತ್ತರ, ಎರಡು ಅಡಿ ಸುತ್ತಳತೆ, ಅರ್ಧ ಇಂಚಿನ ಕಣ್ಣು. ಎಷ್ಟು ಅಡಿ ಜಾಲರಿ ಬೇಕು ಎಂದು ಲೆಕ್ಕ ಹಾಕಿದೆ, ಅದರ ಮೇಲೆ ಕೂಲಿ ಸೇರಿಸಿದೆ, ದರ ಹೇಳಿದೆ. ಐದು ದಿನದಲ್ಲಿ ಮುಗಿಸಿ ಕೊಟ್ಟೂ ಬಂದೆ. ಹಳದಿ ಬೆಳಕಿನಲ್ಲಿ ಗೋಡೆಯ ತುಂಬ ಜೇನುಗೂಡಿನ ನೆರಳು ಬಿದ್ದಿತ್ತು. ಆ ಸಂಜೆಯ ಸಂತೋಷ ಈಗಲೂ ನೆನಪಿದೆ.

ಎರಡು ವಾರದ ಮೇಲೆ ಅಲ್ಲಿಯ ಒಡತಿ ಫೋನ್ ಮಾಡಿದರು. "ನೋಡಿ, ನಿಮ್ಮ ದೀಪ ಚೆನ್ನಾಗಿಯೇ ಇದೆ. ಆದರೆ ನಿನ್ನೆ ಅತಿಥಿಯೊಬ್ಬರ ದುಪಟ್ಟಾ ಸಿಕ್ಕಿಕೊಂಡು ಹರಿಯಿತು. ಬಿಡಿಸಲು ಹೋದ ಅವರ ಮಗಳ ಬೆರಳೂ ಗೀರಿದೆ" ಎಂದರು. ಮರುದಿನ ಬೆಳಗಿನ ಬಸ್ಸಿಗೇ ಹೋದೆ. ಗೂಡುಗಳನ್ನು ಇಳಿಸುವಾಗ ಅದಕ್ಕಿಂತ ದೊಡ್ಡ ಅಪಾಯ ಕಣ್ಣಿಗೆ ಬಿತ್ತು. ಒಂದು ಗೂಡಿನಲ್ಲಿ ಕತ್ತರಿಸಿದ ತಂತಿಯ ತುದಿ ವಿದ್ಯುತ್ ವೈರಿಗೆ ಒತ್ತಿಕೊಂಡು ಮೇಲಿನ ಪ್ಲಾಸ್ಟಿಕ್‌ನಲ್ಲಿ ಗುಳಿ ಮಾಡಿತ್ತು. ಅದು ತೂತಾಗಿದ್ದರೆ ಇಡೀ ಗೂಡಿಗೇ ಕರೆಂಟ್ ಹರಿಯುತ್ತಿತ್ತು. ನಿಂತಲ್ಲೇ ಬೆವತೆ. ಅಷ್ಟನ್ನೂ ಕಟ್ಟಿಕೊಂಡು ವಾಪಸ್ ತಂದೆ.

ಒಂದು ಗೂಡನ್ನು ಮಡಿಲಲ್ಲಿ ಇಟ್ಟುಕೊಂಡು ತುದಿಗಳನ್ನು ಎಣಿಸಿದೆ. ಮೇಲೆ, ಕೆಳಗೆ, ಜೋಡಿಸಿದ ಕಡೆ, ಎಲ್ಲ ಸೇರಿ ನೂರಕ್ಕೂ ಹೆಚ್ಚು. ಒಂದನ್ನು ಇಕ್ಕಳದಲ್ಲಿ ಹಿಡಿದು ಒಳಕ್ಕೆ ಮಡಚಲು ಹತ್ತು ಸೆಕೆಂಡು ಎಂದರೂ ಒಂದು ಗೂಡಿಗೆ ಹದಿನೇಳು ನಿಮಿಷ, 24ಕ್ಕೆ ಏಳು ಗಂಟೆಯ ಹತ್ತಿರ. ಒಂದು ಇಡೀ ದಿನದ ಕೆಲಸ. ನನ್ನ ದರದಲ್ಲಿ ಆ ದಿನವೇ ಇರಲಿಲ್ಲ. ಅದಕ್ಕೇ ಕಣ್ಣಿಗೆ ಕಂಡ ತುದಿಗಳನ್ನಷ್ಟೇ ಮಡಚಿ ಕೈತೊಳೆದುಕೊಂಡಿದ್ದೆ.

ಅಮ್ಮ ಮೂವತ್ತು ವರ್ಷ ರವಿಕೆ ಹೊಲಿದವರು. ಪಕ್ಕದಲ್ಲಿ ಕುಳಿತು ಇನ್ನೊಂದು ಗೂಡನ್ನು ತಿರುಗಿಸಿ ನೋಡಿ, "ಇದಕ್ಕೂ ಅಂಚು ಇದೆಯಲ್ಲ, ಅದನ್ನೇಕೆ ಮೇಲಕ್ಕೆ ಹಾಕಿದ್ದೀಯಾ? ರವಿಕೆಯಲ್ಲಿ ಅಂಚು ತೋಳಿನ ಕೊನೆಗೆ ಬರಬೇಕು, ಹೆಗಲಿಗಲ್ಲ" ಎಂದರು. ನಿಜ, ಜಾಲರಿಯ ಎರಡೂ ಉದ್ದದ ಬದಿಗಳಲ್ಲಿ ಕಾರ್ಖಾನೆಯಲ್ಲೇ ಹೆಣೆದ ನುಣುಪಾದ ಅಂಚು ಇರುತ್ತದೆ. ಈ ಬಲೆ ನೇಯುವ ಯಂತ್ರವನ್ನು 1844ರಲ್ಲಿ ಇಂಗ್ಲೆಂಡಿನ ನಾರ್ವಿಚ್‌ನಲ್ಲಿ ಚಾರ್ಲ್ಸ್ ಬಾರ್ನರ್ಡ್ ಕಟ್ಟಿದ್ದು ಬಟ್ಟೆ ಮಗ್ಗದ ಮಾದರಿಯಲ್ಲಿ ಎಂದು ಆಮೇಲೆ ಓದಿದೆ. ಅಮ್ಮನಿಗೆ ಅದು ಬಟ್ಟೆಯ ಹಾಗೆ ಕಂಡದ್ದು ಸುಮ್ಮನೆ ಅಲ್ಲ.

ಮೂರಡಿ ಅಗಲದ ಸುರುಳಿಯನ್ನು ಒಂದೊಂದು ಅಡಿಗೆ ಸೀಳಿದರೆ ನಡುವಿನ ಪಟ್ಟಿಗೆ ಅಂಚೇ ಸಿಗುವುದಿಲ್ಲ. ಒಂದೂವರೆ ಅಡಿಗೆ ಸೀಳಿದರೆ ಎರಡಕ್ಕೂ ಸಿಗುತ್ತದೆ. ಹಾಗಾಗಿ ಗೂಡಿನ ಎತ್ತರವನ್ನೇ ಒಂದೂವರೆ ಅಡಿ ಮಾಡಿದೆ. ಅಂಚು ಈಗ ಕೆಳಗೆ, ಕೈ ತಾಗುವ ಕಡೆ. ಮೇಲಿನ ತುದಿಗಳನ್ನು ದಪ್ಪ ತಂತಿಯ ಬಳೆಗೆ ಸುತ್ತಿಬಿಡುತ್ತೇನೆ. ಜೋಡಿಸುವ ಕಡೆ ಕಣ್ಣಿನ ನಡುವೆ ಕತ್ತರಿ ಹಾಕುವುದಿಲ್ಲ, ಒಂದು ಬದಿಗೆ ಬಾಲ ಉಳಿಯುವಂತೆ ಕತ್ತರಿಸಿ, ಆ ಬಾಲವನ್ನೇ ಎದುರಿನ ತಂತಿಗೆ ಒಂದೂವರೆ ಸುತ್ತು ಸುತ್ತಿ ತುದಿಯನ್ನು ಒಳಮುಖವಾಗಿ ಒತ್ತುತ್ತೇನೆ. ಬೈಂಡಿಂಗ್ ವೈರ್ ಬೇಕಾಗುವುದಿಲ್ಲ. ವಿದ್ಯುತ್ ವೈರ್ ಹಾಯುವ ತೂತಿಗೆ, ತಂತಿ ತಾಗದಂತೆ ಕಾಯುವ ರಬ್ಬರ್ ಬುಷ್ ಇಲ್ಲದೆ ಏನನ್ನೂ ಹೊರಗೆ ಕಳಿಸುವುದಿಲ್ಲ. ಹೊಸ ತಂತಿಯ ಹೊಳಪು ಕಳೆಯಲು ವಿನೆಗರ್ ಸವರಿ ಒಣಗಿಸುತ್ತೇನೆ. ಕೆಲವರು ಬೆಂಕಿಯಲ್ಲಿ ಸುಡುತ್ತಾರೆ, ದಯವಿಟ್ಟು ಬೇಡ. ಮೇಲಿನ ಸತುವಿನ ಲೇಪ ಹೊಗೆಯಾಗಿ ಎದೆಗೆ ಹೋದರೆ ಜ್ವರ ಬರುತ್ತದೆ. ಲೇಪ ಹೋದ ತಂತಿಗೆ ಮಲೆನಾಡಿನ ಒಂದು ಮಳೆಗಾಲ ಸಾಕು, ತುಕ್ಕು ಹಿಡಿಯುತ್ತದೆ.

ಈಗ ದರ ಹೇಳುವ ಮೊದಲು ಚಿತ್ರ ಬರೆದು ತುದಿಗಳನ್ನು ಎಣಿಸುತ್ತೇನೆ. ಕೆಲವರು ದರ ಕೇಳಿ "ಕೋಳಿ ಬಲೆಗೆ ಇಷ್ಟೇ?" ಎಂದು ಹೊರಟು ಹೋಗುತ್ತಾರೆ. ಹೋಗಲಿ. ಹೋಂಸ್ಟೇಯ 24 ಗೂಡುಗಳನ್ನು ಹೊಸದಾಗಿ ಮಾಡಿ ಕೊಟ್ಟೆ, ಅದಕ್ಕೆ ಹಣ ಕೇಳಲಿಲ್ಲ.

ಪ್ಯಾಕ್ ಮಾಡುವ ಮುಂಚೆ ಅಮ್ಮನ ಹಳೆಯ ಶಿಫಾನ್ ಸೀರೆಯ ತುಂಡನ್ನು ಪ್ರತಿ ಗೂಡಿನ ಒಳಗೂ ಹೊರಗೂ ಎಳೆಯುತ್ತೇವೆ. ಒಂದು ಎಳೆ ಸಿಕ್ಕಿಕೊಂಡರೂ ಅದು ಮತ್ತೆ ಇಕ್ಕಳದ ಕಡೆಗೆ. ಈ ವಾರದ ಎಂಟರಲ್ಲಿ ಎರಡು ಹಾಗೆ ಮರಳಿ ಬಂದು ನನ್ನ ಮೇಜಿನ ಮೇಲಿವೆ.