ಬೆನ್ನಿಗೆ ಬೀಸಿದ ಗಾಳಿ

ನಮ್ಮ ದ್ವೀಪಕ್ಕೆ ಬರುವ ಕುಟುಂಬಗಳೆಲ್ಲ ದಡದಲ್ಲಿ ನಿಂತು ಕೇಳುವ ಮೊದಲ ಪ್ರಶ್ನೆ ಒಂದೇ: "ಪೂರ್ತಿ ಒಂದು ಸುತ್ತು ಹಾಕಿಸುತ್ತೀರಲ್ಲವೇ?" ದ್ವೀಪ ಕಂಡವರಿಗೆ ಸುತ್ತು ಹಾಕಬೇಕೆನಿಸುವುದು ಸಹಜ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಹುಮ್ಮಸ್ಸಿನಿಂದ "ನೋಡೋಣ" ಎನ್ನುತ್ತಿದ್ದೆ. ಈಗ "ಇಲ್ಲ" ಎಂದುಬಿಡುತ್ತೇನೆ. ಕೆಲವರ ಮುಖ ಸಣ್ಣದಾಗುತ್ತದೆ. ಆಗಲಿ.

ಜೀವಮಾನದಲ್ಲಿ ದೋಣಿಯ ಹುಟ್ಟು ಮುಟ್ಟದವರನ್ನು ಕೆನೋ ಎಂಬ ಉದ್ದನೆಯ ದೋಣಿಯಲ್ಲಿ ಕೂರಿಸಿ ಕರೆದೊಯ್ದು, ಒಣಬಟ್ಟೆಯಲ್ಲೇ ವಾಪಸು ತರುವುದು ನನ್ನ ಕೆಲಸ. ಬರುವವರಲ್ಲಿ ಅರ್ಧ ಜನ ಇದನ್ನು ಕಯಾಕ್ ಎಂದೇ ತಿಳಿದಿರುತ್ತಾರೆ. ಕಯಾಕ್‌ನ ಹುಟ್ಟಿಗೆ ಎರಡೂ ತುದಿಯಲ್ಲಿ ಅಲಗು. ಕೆನೋದ ಹುಟ್ಟಿಗೆ ಒಂದೇ ಕಡೆ. ಕೆನೋದ ಮೇಲ್ಭಾಗ ಪೂರ್ತಿ ತೆರೆದಿರುವುದರಿಂದ ನಡುವೆ ಮಗುವನ್ನೂ ಗಂಟುಮೂಟೆಯನ್ನೂ ಇಡಬಹುದು. ಕುಟುಂಬಗಳಿಗೆ ಅದು ಒಗ್ಗುವುದೇ ಅದಕ್ಕೆ. ಆ ನಡುವಿನ ಜಾಗದಲ್ಲೇ ನಾನು ಒಮ್ಮೆ ಎಡವಿದ್ದು.

ಅವತ್ತು ನಾಲ್ಕು ದೋಣಿ, ಒಂದೊಂದೂ ಸುಮಾರು ಹದಿನಾರು ಅಡಿ. ಕೊಲ್ಲಿಯ ನೀರು ತಟ್ಟೆಯಲ್ಲಿಟ್ಟಂತೆ ನಿಶ್ಚಲವಾಗಿತ್ತು. ಲೈಫ್ ಜಾಕೆಟ್ ಪರೀಕ್ಷೆ ಮುಗಿಸಿದೆ. ಅದಕ್ಕೆ ನನ್ನದು ಒಂದೇ ವಿಧಾನ: ಹೆಗಲ ಪಟ್ಟಿ ಹಿಡಿದು ಮೇಲಕ್ಕೆತ್ತುತ್ತೇನೆ. ಜಾಕೆಟ್ ಮಗುವಿನ ಕಿವಿಯವರೆಗೆ ಏರಿ ಬಂದರೆ ಪಟ್ಟಿ ಸಡಿಲವಿದೆ ಎಂದರ್ಥ. ನೀರಿಗೆ ಬಿದ್ದರೆ ಜಾಕೆಟ್ ಮಾತ್ರ ಮೇಲೆ ತೇಲುತ್ತದೆ, ಮಗು ಅದರೊಳಗಿನಿಂದ ಕೆಳಕ್ಕೆ ಜಾರುತ್ತದೆ. ಬಿಗಿ ಮಾಡಿದರೆ ಮಕ್ಕಳು ಗೊಣಗುತ್ತಾರೆ. ಗೊಣಗಲು ಉಸಿರಿದ್ದರೆ ಬಿಗಿ ಹದವಾಗಿದೆ ಎಂದು ನನ್ನ ಲೆಕ್ಕ.

ಮೂರನೆಯ ದೋಣಿಯಲ್ಲಿ ಒಬ್ಬ ತಂದೆ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ. ತಂದೆಯದು ಕುಸ್ತಿಪಟುವಿನ ಮೈಕಟ್ಟು. ದೋಣಿಯನ್ನು ತಿರುಗಿಸುವ ಹಿಡಿತ ಹಿಂದೆ ಕುಳಿತವರ ಕೈಯಲ್ಲಿರುತ್ತದೆ, ಆದ್ದರಿಂದ ಅವರನ್ನು ಹಿಂದೆ ಕೂರಿಸಿದೆ. ಮಗಳು ಮುಂದೆ. ಪುಟ್ಟ ಹುಡುಗ ಅಪ್ಪನ ಕಾಲ ಬಳಿಯೇ ಬೇಕೆಂದು ಹಟ ಹಿಡಿದ; ಸರಿ ಎಂದೆ. ನೀರು, ಬಟ್ಟೆ ತುಂಬಿದ ಚೀಲವನ್ನೂ ಅವನ ಪಕ್ಕದಲ್ಲೇ ಇಟ್ಟೆ. ಹೊರಟೆವು.

ಹೋಗುವಾಗ ಆ ದೋಣಿಯದೇ ಮೇಲುಗೈ. ಬಾಣದಂತೆ ನೆಟ್ಟಗೆ ಸಾಗಿತು. "ಇಷ್ಟೇನಾ ಇದು?" ಎಂದು ತಂದೆ ನಕ್ಕರು. ನಾನೂ ನಕ್ಕೆ. ದಡದುದ್ದಕ್ಕೂ ನಲವತ್ತು ನಿಮಿಷದಲ್ಲಿ ಬಂಡೆಗಳ ಮೂಲೆ ತಲುಪಿದೆವು. ಗಾಳಿಯೇ ಇಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಗಾಳಿ ಇತ್ತು, ಅದು ನಮ್ಮ ಬೆನ್ನಿಗಿತ್ತು. ಗಾಳಿಯ ಜೊತೆಗೇ ಸಾಗುವವನ ಮೈಗೆ ಗಾಳಿ ತಾಗುವುದಿಲ್ಲ. ಇಷ್ಟು ಸಾದಾ ವಿಷಯ ನನಗೆ ಅವತ್ತು ಹೊಳೆಯಲಿಲ್ಲ.

ಮೂಲೆಯಾಚೆ ಇಣುಕಿದರೆ ಅಲ್ಲಲ್ಲಿ ಅಲೆಗಳ ನೆತ್ತಿ ಬೆಳ್ಳಗೆ ಒಡೆಯುತ್ತಿತ್ತು. ಗಾಳಿಯ ಬಲ ಹೇಳುವ ಬ್ಯೂಫೋರ್ಟ್ ಮಾಪಕದಲ್ಲಿ ಅದು 3ನೇ ಹಂತ, ಗಂಟೆಗೆ 12ರಿಂದ 19 ಕಿಲೋಮೀಟರ್ ವೇಗದ ಗಾಳಿ. ಮಾಪಕ ಅದನ್ನು ಸೌಮ್ಯವಾದ ಗಾಳಿ ಎಂದು ಕರೆಯುತ್ತದೆ. ಹಾಯಿದೋಣಿಯವನಿಗೆ ಸೌಮ್ಯವಿರಬಹುದು, ಒಂಬತ್ತು ವರ್ಷದವಳ ತೋಳಿಗಲ್ಲ. ಸುತ್ತು ಬೇಡವೆಂದು ಹೇಳಿ ದೋಣಿಗಳನ್ನು ತಿರುಗಿಸಿದೆ. ಅಷ್ಟನ್ನಾದರೂ ಸರಿಯಾಗಿ ಮಾಡಿದೆ.

ತಿರುಗಿದ ಮೇಲೆ ಮೂರನೆಯ ದೋಣಿ ಹಟ ಹಿಡಿಯಿತು. ಮೂತಿಯನ್ನು ಗಾಳಿಗೆ ಎದುರಾಗಿ ತಂದು ನಾಲ್ಕು ಸಲ ಹುಟ್ಟು ಹಾಕುವಷ್ಟರಲ್ಲಿ ಮತ್ತೆ ಪಕ್ಕಕ್ಕೆ ಹೊರಳುತ್ತಿತ್ತು. ತಂದೆ ಬಲ ಹೆಚ್ಚಿಸಿದರು; ಇನ್ನೂ ಬೇಗ ಹೊರಳಿತು. "ಎಡಕ್ಕೆ ಹಾಕು! ನೀನು ಹಾಕುತ್ತಲೇ ಇಲ್ಲ!" ಎಂದು ಗದರಿದರು. ಮಗಳು ಬಲಗಡೆಯಿಂದ ಎಡಕ್ಕೆ, ಎಡದಿಂದ ಬಲಕ್ಕೆ ಹುಟ್ಟು ಬದಲಿಸುತ್ತಿದ್ದಳು. ಅವಳ ತುಟಿ ಅದುರುತ್ತಿತ್ತು. ಹತ್ತಿರ ಹೋದಾಗ ಕಂಡಿತು: ದೋಣಿಯ ಮೂತಿ ನೀರಿನಿಂದ ಒಂದು ಗೇಣು ಮೇಲೆದ್ದಿದೆ. ಹುಡುಗಿಯ ಹುಟ್ಟು ನೀರಿನ ಮೇಲ್ಪದರವನ್ನಷ್ಟೇ ಕೆರೆಯುತ್ತಿದೆ.

ಭಾರವಿರುವ ತುದಿ ನೀರಿನಲ್ಲಿ ಕಚ್ಚಿಕೊಳ್ಳುತ್ತದೆ, ಹಗುರವಾದ ತುದಿಯನ್ನು ಗಾಳಿ ತಳ್ಳಿಕೊಂಡು ಹೋಗುತ್ತದೆ. ಗಾಳಿ ಬೆನ್ನಿಗಿದ್ದಾಗ ಹಿಂಭಾಗದ ಭಾರ ಒಳ್ಳೆಯದು. ಅದಕ್ಕೇ ಹೋಗುವಾಗ ಅಷ್ಟು ನೆಟ್ಟಗೆ ಹೋಯಿತು. ಗಾಳಿ ಎದುರಾದಾಗ ಅದೇ ಭಾರ ಶತ್ರು. ಮೂರೂ ಜನರನ್ನು ಕೂರಿಸಿದ್ದು ನಾನು. ಚೀಲ ಇಟ್ಟಿದ್ದೂ ನಾನೇ.

ಬಂಡೆಯ ಮರೆಯಲ್ಲಿ ಒಂದು ತುಂಡು ಮರಳುದಡವಿತ್ತು. ಅಲ್ಲಿಗೆ ಎಳೆದುಕೊಂಡು ಹೋಗಿ ಎಲ್ಲರನ್ನೂ ಇಳಿಸಿದೆ. ಹುಡುಗನನ್ನೂ ಚೀಲವನ್ನೂ ಅಕ್ಕನ ಬೆನ್ನಹಿಂದೆ ಕೂರಿಸಿ, ತಂದೆಗೆ "ಸರ್, ಆಸನ ಬಿಟ್ಟು ಅದರ ಮುಂದೆ ಮಂಡಿಯೂರಿ ಕೂರಿ" ಎಂದೆ. ಮೂತಿ ಇಳಿಯಿತು. ಮತ್ತೆ ಹೊರಟಾಗ ದೋಣಿ ನೆಟ್ಟಗೆ ನಿಂತಿತು. ನಲವತ್ತು ನಿಮಿಷದ ದಾರಿಗೆ ಹಿಂದಿರುಗುವಾಗ ಎರಡು ಗಂಟೆ ಹಿಡಿಯಿತು. ಕೊನೆಯ ತುಣುಕಿನಲ್ಲಿ ಒಂದು ದೋಣಿಯನ್ನು ಹಗ್ಗ ಕಟ್ಟಿ ಎಳೆದೆ. ದಡ ಮುಟ್ಟಿದ ಮೇಲೆ ಹುಡುಗಿ ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು: "ಅಕ್ಕಾ, ನಾನು ಸರಿಯಾಗೇ ಹಾಕುತ್ತಿದ್ದೆ ತಾನೇ?" ಅಪ್ಪನಿಗೂ ಕೇಳಿಸುವ ಹಾಗೆ ಹೌದು ಎಂದೆ, ತಪ್ಪು ಯಾರದೆಂದೂ ಹೇಳಿದೆ. ಅವರೇನೂ ಮಾತಾಡಲಿಲ್ಲ. ಅವಳ ಕೈಯಿಂದ ಹುಟ್ಟು ತೆಗೆದುಕೊಂಡು ಶೆಡ್‌ವರೆಗೆ ಹೊತ್ತು ನಡೆದರು.

ಅಂದಿನಿಂದ ನನ್ನ ಯೋಜನೆ ವಾಪಸು ಬರುವ ದಾರಿಯಿಂದ ಶುರುವಾಗುತ್ತದೆ. ಮೈಯಲ್ಲಿ ಕಸುವಿರುವಾಗಲೇ ಗಾಳಿಗೆ ಎದುರಾಗಿ ಹೋಗುತ್ತೇವೆ, ಬರುವಾಗ ಅದೇ ಗಾಳಿ ತಳ್ಳಿಕೊಂಡು ಬರುತ್ತದೆ. ಹೋಗುವಾಗ ಚೀಲ ಮುಂದೆ, ಬರುವಾಗ ಹಿಂದೆ. ತಿರುಗುವ ಜಾಗದಲ್ಲಿ ದಡಕ್ಕೆ ಹಚ್ಚಿ ಬದಲಿಸುವುದಕ್ಕೆ ಎರಡು ನಿಮಿಷ ಸಾಕು. ಅತಿ ನಿಧಾನದ ದೋಣಿಯೇ ಎಲ್ಲಕ್ಕಿಂತ ಮುಂದೆ ಸಾಗಬೇಕು. ಹಿಂದೆ ಬಿಟ್ಟರೆ ಅವರಿಗೆ ದಣಿವಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ: ಮುಂದಿನವರು ನಿಂತು ಕಾಯುತ್ತಾರೆ, ಇವರು ಬಂದು ಸೇರುತ್ತಿದ್ದಂತೆ ಅವರು ಹೊರಟುಬಿಡುತ್ತಾರೆ.

ನೆಲದ ಕಡೆಯಿಂದ ಸಮುದ್ರದತ್ತ ಬೀಸುವ ಗಾಳಿಗೆ ನಾನು ಈಗಲೂ ಹೆದರುತ್ತೇನೆ. ಅಂಥ ದಿನ ದಡದ ಪಕ್ಕದ ನೀರು ಕನ್ನಡಿಯಂತಿರುತ್ತದೆ. ಹೊರಗೆ ಹೋದಷ್ಟೂ ಗಾಳಿ ಜೋರಾಗಿ ದೋಣಿಯನ್ನು ಇನ್ನೂ ಹೊರಕ್ಕೆ ಒಯ್ಯುತ್ತದೆ. ಉಬ್ಬರವಿಳಿತದ ಲೆಕ್ಕವೂ ಬೇಕು. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ಗಂಟೆ ಎಂದುಕೊಂಡರೆ, ನೀರಿನ ಅರ್ಧದಷ್ಟು ಏರಿಕೆ ನಡುವಿನ ಎರಡೇ ಗಂಟೆಗಳಲ್ಲಿ ಆಗಿಬಿಡುತ್ತದೆ. ಎರಡು ಬಂಡೆಗಳ ನಡುವಿನ ಇಕ್ಕಟ್ಟಾದ ಕಾಲುವೆಯಲ್ಲಿ ಆ ಹೊತ್ತಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದಿಲ್ಲ.

ನೀರು ತಣ್ಣಗಿರುವ ತಿಂಗಳುಗಳಲ್ಲಿ ಬಿಸಿಲಿಗೆ ತಕ್ಕ ಬಟ್ಟೆಯಲ್ಲ, ನೀರಿಗೆ ತಕ್ಕ ಬಟ್ಟೆ ಎಂಬ ಪಾಠವನ್ನು ದಡದಲ್ಲೇ ಮಾಡುತ್ತೇನೆ. ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಅವರ 1-10-1 ಸೂತ್ರ ಅದಕ್ಕೆ ಅನುಕೂಲ. ಕೊರೆಯುವ ನೀರಿಗೆ ಬಿದ್ದವನಿಗೆ ಉಸಿರು ಹಿಡಿತಕ್ಕೆ ತರಲು 1 ನಿಮಿಷ, ಕೈಕಾಲು ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವವರೆಗೆ ಸುಮಾರು 1 ಗಂಟೆ. ಅಪ್ಪಂದಿರು ಇದನ್ನು ಕೇಳಿ ತಲೆಯಾಡಿಸುತ್ತಾರೆ, ಮಕ್ಕಳು ಬೆರಳಲ್ಲಿ ಎಣಿಸಿ ನೆನಪಿಟ್ಟುಕೊಳ್ಳುತ್ತಾರೆ.

ಸುತ್ತು ಹಾಕುವ ಪ್ರಶ್ನೆಯನ್ನು ಈಗ ಮಕ್ಕಳಿಗೇ ಒಪ್ಪಿಸುತ್ತೇನೆ. ದೂರದ ಮೂಲೆಯನ್ನು ತೋರಿಸಿ, ಬೆಳ್ಳಗೆ ಒಡೆಯುವ ಅಲೆ ಎಷ್ಟು ಕಾಣುತ್ತದೆ ಎಣಿಸು ಎನ್ನುತ್ತೇನೆ. ಮೊನ್ನೆ ಒಬ್ಬ ಹುಡುಗ ಬಂಡೆ ಹತ್ತಿ, ಕಣ್ಣಿಗೆ ಕೈ ಅಡ್ಡ ಹಿಡಿದು "ಏಳು" ಎಂದ. ಅವನ ತಾಯಿ ಹುಟ್ಟನ್ನು ಮರಳಿಗೆ ಊರಿ ನಿಂತರು. ಕೊಲ್ಲಿಯ ಒಳಗೇ ಒಂದು ಗಂಟೆ, ದೋಣಿಯನ್ನು ನೆಟ್ಟಗೆ ಹೊಡೆಯುವುದನ್ನು ಕಲಿತೆವು.